ಅತ್ತೆ ಸೇರಿಕೊಂಡ ಬಿಲ್ಲು

"ಹೆಂಡತಿ ಬರೋಕೆ ಇನ್ನು ನಾಲ್ಕೇ ದಿನ! ಈ ಹೊಳೆಯ ಎರಡೂ ದಂಡೆಯಲ್ಲಿ ಯಾರೂ ಕಂಡಿರದಂಥ ಬಿಲ್ಲು ಮಾಡದಿದ್ದರೆ ನನ್ನ ಹೆಸರು ಇಸ್ಕೋ ಅಲ್ಲ!" ಎಂದು ಎದೆ ತಟ್ಟಿಕೊಂಡು ಘೋಷಿಸಿದೆ. ಕೇಳಿಸಿಕೊಂಡದ್ದು ನಾಯಿ ಮಾತ್ರ. ಬಿಡಾರದವರೆಲ್ಲ ಜೇನು ಕೀಳಲು ಬೆಟ್ಟ ಹತ್ತಿದ್ದರು. ನನ್ನ ಕಾಲ ಬಳಿ ಹೆಂಡತಿ ಮೆರ್ಲಿಯ ಬಿಲ್ಲು ಎರಡು ತುಂಡಾಗಿ ಬಿದ್ದಿತ್ತು.

ನಮ್ಮ ಮನೆಯಲ್ಲಿ ಬೇಟೆ ಮೆರ್ಲಿಯದು. ಮೀನು, ಅಡುಗೆ ಮತ್ತು ಮಾತು ನನ್ನವು. ಅಕ್ಕನ ಬಾಣಂತನಕ್ಕೆ ಸಮುದ್ರದ ಕಡೆ ಹೊರಟಾಗ ಅವಳು ಹೇಳಿದ್ದಳು: "ಬಂದ ದಿನಾನೇ ಹಂದಿ ಬೇಟೆಗೆ ಹೋಗ್ಬೇಕು. ಬಿಲ್ಲಿಗೇನಾದ್ರೂ ಆಯ್ತೋ, ನಾನು ನಮ್ಮಣ್ಣಂದಿರ ಬಿಡಾರಕ್ಕೆ ಹೊರಟೆ. ಕರಿಯೋಕೆ ಬರ್ಲೇಬೇಡ!"

ನಾನೇನು ಮಾಡಿದೆ? ಎರಡು ಗೆಣಸಿನ ಬುಟ್ಟಿಗಳನ್ನು ಆ ಬಿಲ್ಲಿನ ಎರಡು ತುದಿಗೆ ಕಟ್ಟಿ ಹೆಗಲ ಮೇಲೆ ಹೊತ್ತೆ!

ಬಿಲ್ಲಿಗೆ ಕಾಡುತಾಳೆಯೇ ಆಗಬೇಕು. ಹತ್ತಿರದಲ್ಲಿದ್ದದ್ದು ಒಂದೇ ಮರ, ಮೆರ್ಲಿಯ ಅಮ್ಮ, ಅಂದರೆ ನನ್ನ ಅತ್ತೆ, ತೀರಿಕೊಂಡ ಹಳೆಯ ಬಿಡಾರದಲ್ಲಿ. ಸಾವಾದ ಜಾಗ ಬಿಟ್ಟುಬಂದ ಮೇಲೆ ನಮ್ಮ ಅಗ್ತಾ ಬುಡಕಟ್ಟಿನ ಜನ ಅಲ್ಲಿನ ಕಡ್ಡಿಯನ್ನೂ ಮುಟ್ಟುವುದಿಲ್ಲ. ಸತ್ತವರ ಹೆಸರನ್ನಂತೂ ಎತ್ತುವುದೇ ಇಲ್ಲ. ನಾನು ಮಹಾ ಧೀರನಲ್ಲವೇ! ನಡುಮಧ್ಯಾಹ್ನ ಹೋದೆ. ಒಂದು ಹಕ್ಕಿಯೂ ಕೂಗಲಿಲ್ಲ. ನಾಯಿ ಹೊಳೆಯಲ್ಲೇ ನಿಂತುಬಿಟ್ಟಿತು. ಅತ್ತೆಯ ಒಲೆಕಲ್ಲುಗಳ ಕಡೆ ನೋಡದೆ ಮರ ಕಡಿದೆ, ಸೀಳಿದೆ, ಓಡಿದೆ.

ಎರಡು ದಿನ ಕತ್ತಿಯಲ್ಲಿ ಹೆರೆದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ನಾರಿನ ಹೆದೆ ಏರಿಸಿದಾಗ ಬಿಲ್ಲು ನೋಡಿ ನನಗೇ ಜಂಬ ಬಂತು. 'ಇವನ ಕೈಯಲ್ಲಿ ಒಲೆ ಕೆದಕೋ ಕೋಲೂ ನೆಟ್ಟಗಾಗಲ್ಲ' ಎನ್ನುತ್ತಿದ್ದಳಲ್ಲ ಅತ್ತೆ! ಬಿಲ್ಲು ಎತ್ತಿ ಹಿಡಿದು, ಅವಳ ಹೆಸರು ಹಿಡಿದೇ ಕೂಗಿ, "ನೋಡೇ! ಯಾರ ಕೈಕೆಲಸ ಇದು?" ಎಂದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅನುಭವಿಸಿದ್ದು ಸಾಕು.

"ಟಕ್!" ಎಂದಿತು ಬಿಲ್ಲು.

ಎಲೆಯಡಿಕೆ ಬೇಕಾದಾಗ ಅತ್ತೆ ನಾಲಿಗೆಯಲ್ಲಿ ಹೀಗೇ ಸದ್ದು ಮಾಡುತ್ತಿದ್ದಳು! ಬಿಲ್ಲನ್ನು ಕಂಬಕ್ಕೆ ತೂಗುಹಾಕಿ ಅನ್ನಕ್ಕಿಟ್ಟೆ. "ಟಕ್, ಟಕ್." ಗಾಳಿಯಿಲ್ಲದಿದ್ದರೂ ಅದು ನಿಧಾನವಾಗಿ ನನ್ನ ಕಡೆ ತಿರುಗಿತು.

"ಅತ್ತೆ, ತಪ್ಪಾಯ್ತು. ತಗೊಳ್ಳಿ," ಎಂದು ಕಂಬದ ಬುಡದಲ್ಲಿ ಎಲೆಯಡಿಕೆ ಮಡಿಸಿಟ್ಟು ನೀರಿಗೆ ಹೋದೆ. ಬಂದು ನೋಡುತ್ತೇನೆ, ಎಲೆ ಮಾಯ! ನೆಲದ ಮೇಲೆ ಕೆಂಪು ಉಗುಳು, ಇನ್ನೂ ಹಸಿ. ನನ್ನ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆಯಿಲ್ಲ. ಮತ್ತೊಂದು ಇಟ್ಟೆ. ಅದರ ಗತಿಯೂ ಅದೇ.

ನಾಲ್ಕನೆಯ ದಿನ ಮೆರ್ಲಿ ಬಂದಳು.

"ನನ್ನ ಬಿಲ್ಲೆಲ್ಲೋ?"

"ಅದು ಹಳೇದಾಗಿತ್ತು ಕಣೇ. ಹೊಸದು ಮಾಡಿದೀನಿ!"

ಅವಳು ಹೆದೆಯನ್ನು ಕಿವಿಯವರೆಗೆ ಎಳೆದಳು. "ಟಕ್" ಎಂದಿತು.

"ಕೇಳಿಸ್ತಾ?" ಎಂದು ನಾನು ಅವಳ ಬೆನ್ನ ಹಿಂದೆ ಅವಿತೆ.

"ಹಸಿ ಮರ ಕಣೋ! ಒಣಗೋವಾಗ ಸದ್ದು ಮಾಡುತ್ತೆ. ಅಷ್ಟೂ ಗೊತ್ತಿಲ್ವಾ ನಿಂಗೆ?"

ಹೋದ ಜೀವ ಬಂತು! ಹೊಟ್ಟೆ ಹಿಡಿದುಕೊಂಡು ನಕ್ಕೆ. "ನಾನೊಬ್ಬ ಪೆದ್ದ! ನಿಮ್ಮಮ್ಮಾನೇ ಬಂದ್ರು ಅಂತ ಎರಡು ಸಲ ಎಲೆಯಡಿಕೆ ಕೊಟ್ಟೆ."

ಮೆರ್ಲಿ ನಗಲಿಲ್ಲ. "ಮರ ಎಲ್ಲಿಂದ ತಂದೆ?"

ಎಲ್ಲ ಬಾಯಿಬಿಟ್ಟೆ, ಗೆಣಸಿನ ಬುಟ್ಟಿಯನ್ನೂ ಸೇರಿಸಿ. ಇನ್ನೇನು, ಅಣ್ಣಂದಿರ ಬಿಡಾರಕ್ಕೆ ಗಂಟು ಕಟ್ಟುತ್ತಾಳೆ! ನನಗೆ ಅಳುವೇ ಬಂತು. ಆದರೆ ಅವಳು ಕಂಬದ ಬುಡದಲ್ಲಿ ಕೂತು, ಆ ಕೆಂಪು ಕಲೆಯನ್ನು ಬೆರಳಲ್ಲಿ ಮುಟ್ಟಿ ಮೂಸಿದಳು. ಅವಳ ಕಣ್ಣು ತುಂಬಿತು.

"ಸುಣ್ಣ ಎಷ್ಟು ಹಾಕಿದ್ದೆ?"

"ಒಂದು ಚಿಟಿಕೆ."

"ಅದಕ್ಕೇ ಉಗುಳಿದ್ದಾಳೆ. ಅವಳಿಗೆ ಸುಣ್ಣ ಜಾಸ್ತಿ ಇರ್ಬೇಕು."

ಬಿಲ್ಲನ್ನು ಮಗುವಿನಂತೆ ಎತ್ತಿಕೊಂಡು, ನನ್ನ ಚಾಪೆಯ ಮೇಲಿನ ತೊಲೆಗೆ ಸಿಕ್ಕಿಸಿದಳು.

"ಬಿಲ್ಲು ಚೆನ್ನಾಗಿದೆ. ನಾನು ಎಲ್ಲೂ ಹೋಗಲ್ಲ ಬಿಡು," ಎಂದಳು.

ನಾನು ನಿಟ್ಟುಸಿರು ಬಿಟ್ಟೆ.

"ಅಮ್ಮಾನೂ ಹೋಗಲ್ಲ," ಎಂದಳು.