ತಣ್ಣಗಿದ್ದ ನವಿಲು

ಕನ್ನಪ್ಪ ಫ್ರೂಟ್ ಸಲಾಡಿನ ಮೇಲೆ ದಾಳಿಂಬೆ ಕಾಳಿನಿಂದ ನವಿಲು ಬಿಡಿಸದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ರಿಪ್ಪನ್‌ಪೇಟೆಯ ಸಮುದಾಯ ಭವನದಲ್ಲಿ ಏಪ್ರಿಲ್ ಸೆಖೆಯ ನಿಶ್ಚಿತಾರ್ಥ. ಊಟವೆಲ್ಲ ಹಳಬ ಜಯಪ್ಪನದು, ಕೊನೆಯ ತಣ್ಣನೆ ಸಿಹಿ ಮಾತ್ರ ಹೊಸಬ ಕನ್ನಪ್ಪನದು. ಮುಂದಿನ ತಿಂಗಳ ಮದುವೆಯ ಅಡುಗೆಗೆ ಇಬ್ಬರಲ್ಲಿ ಯಾರು ಎಂಬುದನ್ನು ಹುಡುಗಿಯ ಸೋದರತ್ತೆ ಪುಷ್ಪಮ್ಮ ಇವತ್ತೇ ತೀರ್ಮಾನಿಸುವವರಿದ್ದರು.

ಕಲ್ಲುಪ್ಪು ಬೆರೆಸಿದ ಐಸಿನ ಟಬ್ಬಿನಲ್ಲಿ ಪಾತ್ರೆ ಕೂರಿಸಿ, ಒದ್ದೆ ಗೋಣಿ ಸುತ್ತಿ, ಕನ್ನಪ್ಪ ಬಾಣಂತಿ ಕೋಣೆ ಕಾಯುವ ಅಜ್ಜಿಯಂತೆ ನಿಂತ. ಪುಷ್ಪಮ್ಮ ನೋಡುವ ತನಕ ನವಿಲಿನ ಒಂದು ಗರಿಯೂ ಅಲುಗಕೂಡದು.

ಪುಷ್ಪಮ್ಮನೋ ವೇದಿಕೆಯ ಮೇಲೆ ಫೋಟೋದವನ ಕೈಗೆ ಸಿಕ್ಕಿಬಿದ್ದಿದ್ದರು. ಮೊದಲ ಪಂಕ್ತಿ ಎದ್ದಿತು. ಮುಚ್ಚಳಕ್ಕೆ ಕೈ ಹಾಕಿದವರಿಗೆಲ್ಲ ಕನ್ನಪ್ಪ ತಂಪು ಹೋಗುತ್ತದೆ, ಸ್ವಲ್ಪ ತಡೆಯಿರಿ ಎಂದ. ಗಂಡಿನ ಕಡೆಯವರು ಅದು ಹೆಣ್ಣಿನ ಮನೆಯವರಿಗೆ ಎಂದುಕೊಂಡರು. ಹೆಣ್ಣಿನ ಕಡೆಯವರು ಬೀಗರಿಗೆ ಎಂದುಕೊಂಡು ಮರ್ಯಾದೆಯಿಂದ ದೂರ ಸರಿದರು.

ಹುಡುಗಿಯ ಸೋದರಮಾವ ಗಣೇಶ್ ಟಬ್ಬಿಗೆ ಸುತ್ತು ಬಂದ. "ಎಂತ ಮಾರಾಯ, ಐಸಲ್ಲಿ ಮಲಗ್ಸಿ ಕಾಯ್ತಾ ಇದೀಯಲ್ಲ. ದೂರದಿಂದ ಯಾರಾದ್ರೂ ಬರೋರು ಇದಾರಾ?"

ಕೇಳಿದವರು ನಕ್ಕರು. ನಕ್ಕ ಮೇಲೆ ಅವರಿಗೂ ಆ ಪಾತ್ರೆಯ ಹತ್ತಿರ ಹೋಗಲು ಮನಸ್ಸಾಗಲಿಲ್ಲ. ಕೋಣಂದೂರು ಬಸ್ಸು ಹಾರ್ನ್ ಹೊಡೆದಾಗ ಅರ್ಧ ಭವನ ಖಾಲಿಯಾಯಿತು.

ಕೊನೆಗೂ ಪುಷ್ಪಮ್ಮ ಬಂದರು. ಕನ್ನಪ್ಪ ಮುಚ್ಚಳ ತೆಗೆದ. ನವಿಲು ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ಅವರು ಮೆಚ್ಚುಗೆಯಿಂದಲೇ ನೋಡಿದರು. ಆಮೇಲೆ ಆ ಸೀಮೆಯ ಹೆಂಗಸರು ಪ್ರತಿ ಊಟದ ಮೇಲೆ ಮಾಡುವ ಪರೀಕ್ಷೆ ಮಾಡಿದರು: ಯಾವ ಪಾತ್ರೆಯಲ್ಲಿ ಎಷ್ಟು ಉಳಿದಿದೆ. ಜಯಪ್ಪನ ಪಾಯಸದ ಕೊಳಗದಲ್ಲಿ ತಳ ಕಾಣುತ್ತಿತ್ತು.

"ಚಂದ ಇದೆ ಕಣಪ್ಪ," ಎಂದರು. "ಆದ್ರೆ ಒಬ್ರೂ ಮುಟ್ಲಿಲ್ವಲ್ಲ. ತಿನ್ನೋರಿಗೆ ಗೊತ್ತಾಗ್ತದೆ. ಮದುವೆಗೆ ಜಯಪ್ಪನೇ ಇರ್ಲಿ."

ಅವರು ಕಾರು ಹತ್ತಿದ ಮೇಲೆ ಕನ್ನಪ್ಪ ಐಸಿನ ನೀರು ಚೆಲ್ಲಲು ಹಿತ್ತಿಲಿಗೆ ಹೋದ. ಬಾಳೆಬುಡದ ಗುಂಡಿಯಲ್ಲಿ ಕೊಳಗದಷ್ಟು ಪಾಯಸ ಒಡೆದು ಬಿದ್ದಿತ್ತು. ಜಯಪ್ಪ ಅದರ ಮೇಲೆ ಮಣ್ಣು ಎಳೆಯುತ್ತಿದ್ದ.

"ಸೆಖೆಗೆ ಬಡಿಸೋ ಮೊದ್ಲೇ ಕೆಟ್ಟೋಯ್ತು. ಹೋಳಿಗೆ ಹಾಕಿ ಸುಧಾರಿಸ್ದೆ," ಎಂದ. ಕನ್ನಪ್ಪನ ಟಬ್ಬನ್ನು ಒಮ್ಮೆ ನೋಡಿದ. "ಮದುವೆಗೆ ನನ್ ಜೊತೆ ಬಾ ಮಾರಾಯ. ಪಾಯಸದ ಹಾಲು ಐಸಲ್ಲಿ ಇಟ್ಕಂಡು ಕೂರಕ್ಕೆ ಒಬ್ಬ ಬೇಕು. ಬಡ್ಸೋದು ಮಾತ್ರ ನಾನು."