ಫ್ಯಾನಿನ ಮೇಲಿನ ಹೆಸರು

ಫ್ಯಾನು ಎಂದಮೇಲೆ ಅದು ತಿರುಗುತ್ತದೆ ಎಂಬ ಸಣ್ಣ ಸಂಗತಿ, ಆಸ್ಪತ್ರೆಗೆ ಅದನ್ನು ದಾನ ಕೊಡುವಾಗ ಉಣಕಲ್ಲಿನ ಪಾತ್ರೆ ಅಂಗಡಿ ಫಕೀರೇಶನಿಗೆ ಹೊಳೆಯಲೇ ಇಲ್ಲ.

ಧಾರವಾಡದ ಕೆಲಗೇರಿಯ ಆ ಧರ್ಮಾಸ್ಪತ್ರೆ ನಡೆಯುತ್ತಿದ್ದದ್ದೇ ಊರವರ ದೇಣಿಗೆಯಿಂದ. ಮಂಚ ಒಬ್ಬರದು, ಬೆಂಚು ಒಬ್ಬರದು, ಗೋಡೆ ಗಡಿಯಾರ ಮತ್ತೊಬ್ಬರದು. ಎಲ್ಲದರ ಮೇಲೂ ಕೊಟ್ಟವರ ಹೆಸರು ದಪ್ಪ ಅಕ್ಷರದಲ್ಲಿ. ಫಕೀರೇಶ ತಡಮಾಡಿ ಹೋದ. ಅವನ ಪಾಲಿಗೆ ಉಳಿದದ್ದು ಹೆಂಗಸರ ವಾರ್ಡಿನ ಫ್ಯಾನು. ಮೂರು ರೆಕ್ಕೆಗೂ ಕೆಂಪು ಬಣ್ಣದಲ್ಲಿ ಬರೆಸಿದ: ಫಕೀರೇಶ, ಪಾತ್ರೆ ಅಂಗಡಿ, ಉಣಕಲ್. ಗುಂಡಿ ಒತ್ತಿದ್ದೇ ತಡ, ಹೆಸರೆಲ್ಲ ಗಾಳಿಯಾಗಿ ಹೋಯಿತು.

ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಮಗಳು ಜಯಾಳನ್ನು ಶಿರಗುಪ್ಪಿಗೆ ಕೊಡುವ ಮಾತು ನಡೆದಾಗ, ಹುಡುಗನ ಅಪ್ಪ ದುರಗಪ್ಪನ ಮುಂದೆ ಎದೆಯುಬ್ಬಿಸಿ, "ಕೆಲಗೇರಿ ದವಾಖಾನ್ಯಾಗ ನಮ್ಮ ಹೆಸರು ಬರದಾರ್ರಿ" ಎಂದುಬಿಟ್ಟ.

"ನಮ್ಮವ್ವ ಅಲ್ಲೇ ಮಲಗ್ಯಾಳ. ದಿನಾ ಹೋಗಿ ಬರ್ತೇನಿ, ನನಗ ಕಂಡಿಲ್ಲಲ್ರಿ?" ದುರಗಪ್ಪ ಹುಬ್ಬು ಗಂಟಿಕ್ಕಿದ. "ನಾಳೆ ಸಂಜಿಕ ತೋರಸ್ರಿ. ಸುಳ್ಳು ಹೇಳೋ ಮಂದಿ ಮನ್ಯಾಗ ನಾವು ಹೆಣ್ಣು ತರಂಗಿಲ್ಲ."

ಫಕೀರೇಶನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಮರುದಿನ ಮಧ್ಯಾಹ್ನವೇ ವಾರ್ಡಿಗೆ ಹೋಗಿ ನಿಂತ. ಏಪ್ರಿಲ್ ತಿಂಗಳು, ಹಂಚು ಕಾದಂತಹ ಬಿಸಿಲು. ಮೊದಲು ರೆಗ್ಯುಲೇಟರ್ ತಿರುಗಿಸಿ ವೇಗ ಇಳಿಸಿ ನೋಡಿದ. ಅಕ್ಷರ ಕಾಣಲಿಲ್ಲ, ತಲೆ ಮಾತ್ರ ತಿರುಗಿತು. ಸ್ವಿಚ್ಚನ್ನೇ ಆರಿಸಿದ.

"ಯಾವನವ ಫ್ಯಾನ್ ಆರಿಸಿದಾವ? ಏ ಖೋಡಿ, ಹಚ್ಚೋ!" ಫ್ಯಾನಿನ ಕೆಳಗೇ ಮಲಗಿದ್ದ ಮುದುಕಿ ಶಿವಬಸವ್ವ ಕೂಗಿದಳು.

ನರ್ಸ್ ಮದೀನಾಬಿ ಓಡಿ ಬಂದು ಸ್ವಿಚ್ ಹಾಕಿದಳು. "ಕಾಕಾ, ಪೇಶಂಟ್ ನೋಡಾಕ ಬಂದೀರೋ, ಫ್ಯಾನ್ ನೋಡಾಕ ಬಂದೀರೋ? ಇನ್ನೊಮ್ಮೆ ಮುಟ್ಟಿದ್ರ ಹೊರಗ ಹಾಕಸ್ತೇನಿ ನೋಡ್ರಿ!"

ಫಕೀರೇಶ ಹಲ್ಲುಗಿಂಜಿದ. ಆಕೆ ಅತ್ತ ಹೋದದ್ದೇ ಎರಡನೇ ಸಲ ಆರಿಸಿದ, ಬೈಗುಳ ತಿಂದ. ಸಂಜೆ ದುರಗಪ್ಪನ ರುಮಾಲು ಗೇಟಿನಲ್ಲಿ ಕಂಡದ್ದೇ ಹೊರಗೆ ಓಡಿದ. ವರಾಂಡದ ಬೋರ್ಡಿನಿಂದ ವಾರ್ಡಿನ ಫ್ಯೂಜನ್ನೇ ಕಿತ್ತು ಅಂಗಿಯ ಮೇಲ್ಜೇಬಿಗೆ ಹಾಕಿಕೊಂಡ.

ಫ್ಯಾನು ನಿಂತಿತು. ದುರಗಪ್ಪ ತಲೆಯೆತ್ತಿ ಅಕ್ಷರ ಕೂಡಿಸಿ ಓದಿದ. ಅವನ ಮುಖ ಅರಳಿತು. "ಖರೇನ ಹೇಳೀರಿ, ಬೀಗರ!"

ಬೀಗರ! ಆ ಒಂದು ಮಾತಿಗೆ ಫಕೀರೇಶನ ಕಣ್ಣಲ್ಲಿ ನೀರೇ ಬಂತು.

"ಬರ್ರಿ, ನಮ್ಮವ್ವಗ ಶರಣು ಮಾಡ್ರಿ" ಎಂದು ದುರಗಪ್ಪ ಅವನನ್ನು ಕರೆದೊಯ್ದು ನಿಲ್ಲಿಸಿದ್ದು ಶಿವಬಸವ್ವನ ಮಂಚದ ಮುಂದೆಯೇ. ಗಾಬರಿಯಲ್ಲಿ ಫಕೀರೇಶ ಕಾಲಿಗೆ ಬಾಗಿದ. ಜೇಬಿನಿಂದ ಫ್ಯೂಜು ಜಾರಿ ಟಣ್ಣೆಂದು ನೆಲಕ್ಕೆ ಬಿತ್ತು.

"ಅಯ್ಯೋ ನನ್ನ ಶಿವನ! ಹೊತ್ತೆಲ್ಲ ನಮ್ಮನ್ನ ಕುದಿಸಿದಾವ ಇವನ!" ಮುದುಕಿ ಎದ್ದು ಕುಳಿತಳು. "ಮ್ಯಾಲಿನ ಫಕೀರೇಶನೂ ನೀನ ಏನು? ಕರೆಂಟ್ ಹೋದಾಗೆಲ್ಲ ಮ್ಯಾಲೆ ನಿನ್ನ ಹೆಸರು, ಕೆಳಗ ನಮ್ಮ ಬೆವರು! ಆ ಹೆಸರು ಕಂಡ್ರ ಈ ವಾರ್ಡಿಗೆ ವಾರ್ಡೇ ಶಾಪ ಹಾಕತೈತಿ."

ದುರಗಪ್ಪನ ಮುಖ ಕಪ್ಪಿಟ್ಟಿತು. ಫಕೀರೇಶ ಕೈ ಮುಗಿದ. "ತಪ್ಪಾತ್ರಿ ಯವ್ವಾ. ನನಗ ಏನ್ ಬೇಕಾದ್ರೂ ಅನ್ರಿ, ನನ್ನ ಮಗಳನ್ನ ಬ್ಯಾಡ ಅನಬ್ಯಾಡ್ರಿ."

ಮುದುಕಿ ಅವನನ್ನೇ ದಿಟ್ಟಿಸಿದಳು. "ಹುಡುಗಿ ಛಲೋ ಅದಾಳ ಅಂತ ಕೇಳೇನಿ. ತರೋಣು. ಆದ್ರ ಕರೆಂಟ್ ಹೋದ್ರೂ ಈ ಫ್ಯಾನ್ ನಿಂದರಬಾರದು, ನಿನ್ನ ಹೆಸರು ಕಾಣಬಾರದು."

ಫ್ಯೂಜು ಹೆಕ್ಕಿಕೊಂಡ ಮದೀನಾಬಿ ಸಣ್ಣಗೆ ನಕ್ಕಳು. "ಅದಕ್ಕ ಬ್ಯಾಟರಿ ಇನ್ವರ್ಟರ್ ಬೇಕಾಕ್ಕೈತಿ. ಡಾಕ್ಟರು ಎಲ್ಲಾರನ್ನೂ ಕೇಳಾಕತ್ತಾರ, ಯಾರೂ ಕೊಡವಲ್ರು. ಅದನ್ನ ಒಳಗಿನ ಖೋಲ್ಯಾಗ ಇಡೋದು, ಹೆಸರು ಕಾಣಂಗಿಲ್ಲಲ್ಲ!"

ಇನ್ವರ್ಟರ್ ಬಂತು. ಜಯಾಳ ಮದುವೆಯೂ ಆಯಿತು. ಮುಂದಿನ ಬೇಸಿಗೆಯಲ್ಲಿ ಒಂದು ಸಂಜೆ ಕರೆಂಟ್ ಹೋಗಿ ಧಾರವಾಡವೆಲ್ಲ ಕತ್ತಲಾದದ್ದೇ, ಹೆಸರೊಂದು ಸಲ ಕಂಡೀತೇನೋ ಎಂದು ಫಕೀರೇಶ ವಾರ್ಡಿಗೆ ಓಡಿದ. ಫ್ಯಾನು ಗರಗರ ತಿರುಗುತ್ತಲೇ ಇತ್ತು. ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು; ಬಾಗಿಲಲ್ಲಿ ಮದೀನಾಬಿ ಕೆಮ್ಮಿದಳು.

ಮಂಚದ ಮೇಲೆ ಗಂಜಿ ಕುಡಿಯುತ್ತಿದ್ದ ಹೆಂಗಸು ತಂಪಾಗಿ ನಿಟ್ಟುಸಿರು ಬಿಟ್ಟು ಅವನಿಗೇ ಹೇಳಿದಳು: "ಯಾರೋ ಪುಣ್ಯಾತ್ಮ ಕೊಟ್ಟಾನ ನೋಡ್ರಿ ಅಣ್ಣಾರ. ಎಲ್ಲಾದರ ಮ್ಯಾಲೂ ಹೆಸರು ಅದಾವ, ಈ ಫ್ಯಾನ್ ಮ್ಯಾಲೆ ಮಾತ್ರ ಇಲ್ಲ. ದಾನ ಮಾಡಿದ್ರ ಹಿಂಗ ಮಾಡಬೇಕು."

"ಹೌದವಾ," ಎಂದ ಫಕೀರೇಶ, ತನ್ನದೇ ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ.