ದುಂಡಗಿಲ್ಲದ ಚಕ್ರಕ್ಕೆ ನನ್ನ ಸಹಿ

ನನ್ನಲ್ಲಿ ದೋಷವಿಲ್ಲ ಎಂಬುದು ನನಗೆ ಬಹಳ ವರ್ಷಗಳಿಂದ ಗೊತ್ತಿತ್ತು. ದೋಷ ಹುಡುಕುವುದೇ ನನ್ನ ಹೊಟ್ಟೆಪಾಡು. ಇದ್ದಿದ್ದರೆ ಇಷ್ಟು ಹೊತ್ತಿಗೆ ನನ್ನ ಕಣ್ಣಿಗೆ ಬೀಳದೆ ಇರುತ್ತಿತ್ತೆ?

ಸಾಂಗಲಿ ಹತ್ತಿರದ ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್ಸ್‌ಪೆಕ್ಟರ್. ಪಂಪಿನೊಳಗೆ ಕೂಡಿಸುವ ಬುಶ್‌ಗಳು, ಅಂದರೆ ಬಳೆಯಂಥ ಲೋಹದ ತುಂಡುಗಳು, ಅಲ್ಲಿ ತಯಾರಾಗುತ್ತವೆ. ಆ ಬಳೆ ದುಂಡಗಿದೆಯೋ ಇಲ್ಲವೋ ಎಂದು ಅಳೆದು ನೋಡುವುದು ನನ್ನ ಪವಿತ್ರ ಕರ್ತವ್ಯ. ಕೂದಲೆಳೆಯಷ್ಟು ಆಚೀಚೆಯಾದರೂ ಸಾಕು, ಕೆಂಪು ಪೆನ್ನಿನಿಂದ 'ಓವಲ್' ಎಂದು ಬರೆದು, ಸಹಿ ಹಾಕಿ ವಾಪಸ್ ಕಳಿಸುತ್ತೇನೆ. ಓವಲ್ ಎಂಬ ಶಬ್ದವನ್ನು ನಮ್ಮಲ್ಲಿ ಬೈಗುಳವಾಗಿ ಬಳಕೆಗೆ ತಂದ ಶ್ರೇಯಸ್ಸು ಪೂರ್ತಿ ನನ್ನದೇ.

ಆ ಬೈಗುಳವನ್ನು ಎಲ್ಲರಿಗಿಂತ ಹೆಚ್ಚು ತಿಂದವನು ಲೇಥ್ ಯಂತ್ರದ ಮೇಲೆ ಬುಶ್ ಕಡೆಯುವ ಟರ್ನರ್ ಸಿದ್ದಪ್ಪ. ಜತ್ತ ಕಡೆಯವನು, ಈಗ ಮಿರಜದಲ್ಲಿ ಮನೆ ಮಾಡಿದ್ದಾನೆ. ಊರಲ್ಲಿ ಅವನ ಅಣ್ಣತಮ್ಮಂದಿರು ಇಂದಿಗೂ ಕುರಿ ಕಾಯುತ್ತಾರೆ. ಹಿಂಡಿನಲ್ಲಿ ಒಂದು ಕುರಿ ಕಡಿಮೆಯಾದರೆ ಎಣಿಸದೆ ಹೇಳುವ ಮನೆತನ ಅದು. ಸಿದ್ದಪ್ಪನೂ ಲೇಥ್ ಮೇಲಿನ ಬುಶ್‌ಗೆ ಹೆಬ್ಬೆರಳು ಸವರಿ "ಆತು" ಎನ್ನುತ್ತಾನೆ. ನಾನು ಗೇಜ್ ಹಾಕಿ "ಆಗಿಲ್ಲ" ಎನ್ನುತ್ತೇನೆ. ಹದಿನೆಂಟು ವರ್ಷ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆಯ ಸಾರಾಂಶ ಇಷ್ಟೇ.

ಮನೆಯಲ್ಲೂ ಕರ್ತವ್ಯಕ್ಕೆ ರಜೆಯಿಲ್ಲ. ವಿಶ್ರಾಮಬಾಗದ ನಮ್ಮ ಅಡುಗೆಮನೆಯಲ್ಲಿ ಹೆಂಡತಿ ಸುನಂದಾ ಜೋಳದ ರೊಟ್ಟಿ ಬಡಿದು ತಟ್ಟೆಗೆ ಹಾಕಿದ ಕೂಡಲೇ ನಾನು ಒಂದು ಕಣ್ಣು ಮುಚ್ಚಿ ನೋಡಿ, ಯಾವ ಬದಿ ಎಷ್ಟು ಹೊರಗೆ ಬಂದಿದೆ ಎಂಬ ವರದಿ ಸಲ್ಲಿಸುತ್ತೇನೆ. ಇಷ್ಟಾದ ಮೇಲೂ ಅವಳು ನನಗೆ ಎರಡು ಹೊತ್ತು ಊಟ ಹಾಕುತ್ತಿರುವುದನ್ನು ನನ್ನ ವರದಿಗಳಿಗೆ ಸಂದ ಗೌರವ ಎಂದೇ ತಿಳಿದಿದ್ದೆ.

ಇಂಥ ನಿರ್ದೋಷಿಗೂ ಒಂದು ಕಂಟಕವಿತ್ತು. ಹೆಸರು ಜೋಶಿ ಕಾಕಾ. ರವಿವಾರ ಬೆಳಿಗ್ಗೆ ನಾವು ಏಳೆಂಟು ಜನ ವಿಶ್ರಾಮಬಾಗದಿಂದ ಮಿರಜಕ್ಕೆ ಸೈಕಲ್ ಮೇಲೆ ಹೋಗಿ ಚಹಾ ಕುಡಿದು ಬರುತ್ತೇವೆ. ನನ್ನದು ಗೇರ್ ಸೈಕಲ್, ಹೆಲ್ಮೆಟ್, ಉಸಿರಾಡಲು ಬಿಡದಷ್ಟು ಬಿಗಿಯಾದ ಚಡ್ಡಿ. ಕಾಕಾಗೆ ವಯಸ್ಸು ಅರವತ್ತೆಂಟು. ಕರಿ ಸೈಕಲ್, ಪಾಯಿಜಾಮ, ಹ್ಯಾಂಡಲ್ಲಿಗೆ ಕಾಯಿಪಲ್ಯದ ಚೀಲ. ಆ ಚೀಲ ಪ್ರತಿ ವಾರ ಮಿರಜದ ರೈಲ್ವೆ ಸೇತುವೆಯ ಏರಿನಲ್ಲಿ ನನ್ನನ್ನು ದಾಟಿಕೊಂಡು ಹೋಗುತ್ತಿತ್ತು. ಹೋಗುವಾಗ ಕಾಕಾ ಪ್ರೀತಿಯಿಂದ "ಸಾವಕಾಶ ಬಾರಪಾ" ಎನ್ನುತ್ತಿದ್ದರು. ಬೈದಿದ್ದರೆ ಇಷ್ಟು ಉರಿ ಹತ್ತುತ್ತಿರಲಿಲ್ಲ.

ಎಲ್ಲೋ ದೋಷವಿದೆ ಎಂದಾಯಿತು. ನನ್ನಲ್ಲಂತೂ ಇಲ್ಲ. ಉಳಿದದ್ದು ಸೈಕಲ್! ಸರಿ, ತನಿಖೆ ಆರಂಭಿಸಿದೆ. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ನೋಡುತ್ತ ಅಪರಾಧಿ ಸಿಕ್ಕೇಬಿಟ್ಟ. ಪೆಡಲ್ಲಿಗೆ ಹೊಂದಿಕೊಂಡ ಹಲ್ಲಿನ ಚಕ್ರ ಎಲ್ಲ ಸೈಕಲ್ಲುಗಳಲ್ಲೂ ದುಂಡಗಿರುತ್ತದೆ, ಅದೇ ತಪ್ಪಂತೆ. ಪೆಡಲ್ ನೆತ್ತಿಯಲ್ಲಿ ಮತ್ತು ತಳದಲ್ಲಿ ಇರುವಾಗ ಕಾಲಿಗೆ ಬಲ ಸಿಗುವುದಿಲ್ಲ, ನಡುವೆ ಚೆನ್ನಾಗಿ ಸಿಗುತ್ತದೆ. ಆದ್ದರಿಂದ ಚಕ್ರ ಮೊಟ್ಟೆಯಂತೆ ಇರಬೇಕು. ಬಲವಿಲ್ಲದ ಕಡೆ ಅದರ ಸಣ್ಣ ಭಾಗ, ಬಲವಿರುವ ಕಡೆ ದೊಡ್ಡ ಭಾಗ. ಕಾಲಿಗೆ ಆಯಾಸ ಕಡಿಮೆ, ಓಟ ಹೆಚ್ಚು. ಅಂದರೆ ಓವಲ್ ಚಕ್ರ!

ಆ ಶಬ್ದ ಕೇಳಿ ಒಂದು ಕ್ಷಣ ಮೈ ಜುಮ್ಮೆಂದದ್ದು ನಿಜ. ಆದರೆ ಕಾಕಾನ ಚೀಲ ಕಣ್ಣ ಮುಂದೆ ಬಂತು. ಸಿದ್ಧಾಂತವನ್ನು ಅಲ್ಲೇ ಮಡಚಿ ಬದಿಗಿಟ್ಟೆ.

ಸುನಂದಾಳಿಗೆ ವಿವರಿಸಿದೆ. ತಟ್ಟೆಯಲ್ಲಿದ್ದ ರೊಟ್ಟಿಯ ಮೇಲೆ ಬೆರಳಾಡಿಸಿ, ಪೆಡಲ್ ಎಲ್ಲಿ, ಬಲ ಎಲ್ಲಿ ಎಂದೆಲ್ಲ ತೋರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇಪ್ಪತ್ತೊರ್ಸಾತು, ನನ್ನ ರೊಟ್ಟಿ ದುಂಡಗಿಲ್ಲಂತ ಹೆಸರಿಡಾಕತ್ತೀರಿ. ಈಗ ದುಂಡಗಿದ್ದದ್ದೇ ತಪ್ಪೇನ್ರಿ?" ಎಂದಳು.

ರೊಟ್ಟಿಯ ಶಾಸ್ತ್ರ ಬೇರೆ, ಸೈಕಲ್ಲಿನ ಶಾಸ್ತ್ರ ಬೇರೆ ಎಂದು ತಿಳಿಹೇಳಿದೆ. ಅವಳು ಸುಮ್ಮನಾದಳು. ಅವಳು ಸುಮ್ಮನಾದಾಗ ನಾನು ಗೆದ್ದೆನೆಂದು ತಿಳಿಯುವುದು ನನ್ನ ಹಳೆಯ ರೂಢಿ.

ಪೇಟೆಯಲ್ಲಿ ಅಂಥ ಚಕ್ರ ಸಿಗಲಿಲ್ಲ. ಸಾಂಗಲಿಯ ಸೈಕಲ್ ಅಂಗಡಿಯವನಂತೂ, ಬಾಗಿದ ಚಕ್ರ ಸರಿ ಮಾಡಿಕೊಡುತ್ತೇನೆ, ಸರಿ ಇದ್ದದ್ದನ್ನು ಕೆಡಿಸಿಕೊಡುವುದಿಲ್ಲ ಎಂದುಬಿಟ್ಟ. ಕೊನೆಗೆ ಮಾಲಕರ ಅಪ್ಪಣೆ ಪಡೆದು, ನಕ್ಷೆ ಬರೆದುಕೊಂಡು, ಸಿದ್ದಪ್ಪನ ಮುಂದೆಯೇ ಹೋಗಿ ನಿಲ್ಲಬೇಕಾಯಿತು. ಓವಲ್ ಮಾಡಿಕೊಡು ಎಂದು ಹೇಳಲಾರದೆ ನಕ್ಷೆಯನ್ನೇ ಮುಂದೆ ಹಿಡಿದೆ. ಸಿದ್ದಪ್ಪ ನಕ್ಷೆಯನ್ನು ನೋಡಿದ, ನನ್ನನ್ನು ನೋಡಿದ, ಮೆಷಿನ್ ಬಂದ್ ಮಾಡಿದ.

"ಹದಿನೆಂಟು ವರ್ಷ ನಾ ದುಂಡಗ ಮಾಡಿದ್ದು ನಿಮಗ ಓವಲ್ ಕಂಡೈತ್ರಿ, ಸಾಹೇಬ್ರ. ಈಗ ಓವಲ್ ಮಾಡಾಕ ಹೋಗಿ ದುಂಡಗ ಬಂದೀತಂತ ಅಂಜಿಕಿ ಆಗ್ತೈತಿ" ಎಂದ.

ಅವನ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. ಮಾಡಿಕೊಡುತ್ತೇನೆ, ಆದರೆ ಒಂದು ಮಾತು ಎಂದ. ತನ್ನ ಪ್ರತಿಯೊಂದು ಕೆಲಸಕ್ಕೂ ಸಾಹೇಬರು ತಪಾಸಣೆಯ ಕಾಗದ ಬರೆಯುತ್ತಾರೆ. ಇದಕ್ಕೂ ಬರೆಯಬೇಕು, ಸಹಿ ಬೇಕು. ನಾನು ತಡವರಿಸಿದೆ. ಆ ಸಹಿಯೊಂದೇ ನನ್ನ ಆಸ್ತಿ. ಓವಲ್ ಎಂಬುದರ ಮುಂದೆ ಒಮ್ಮೆ 'ಪಾಸ್' ಎಂದು ಬರೆದು, ಆಮೇಲೆ ಚಕ್ರ ಕೈಕೊಟ್ಟರೆ, ಕಾರ್ಖಾನೆಯಲ್ಲಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದು ತಿಳಿಯದಷ್ಟು ದಡ್ಡ ನಾನಲ್ಲ. ಚಕ್ರ ಕೈಕೊಡುವುದೇ ಇಲ್ಲ ಎಂದು ನಂಬುವಷ್ಟು ದಡ್ಡ. ಒಪ್ಪಿಕೊಂಡೆ.

ಶನಿವಾರ ಚಕ್ರ ತಯಾರಾಗಿ ಬಂತು, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಕೊಂಡು. ಮನೆಗೆ ಒಯ್ದು ಟೇಬಲ್ ಲ್ಯಾಂಪ್ ಕೆಳಗೆ ಇಟ್ಟು ವಿಧಿವತ್ತಾಗಿ ತಪಾಸಣೆ ಮಾಡಿದೆ. ಹಲ್ಲುಗಳನ್ನೆಲ್ಲ ಅರ ಹಿಡಿದು ಕೈಯಿಂದಲೇ ಉಜ್ಜಿದ್ದ. ಅಳತೆಗಳೆಲ್ಲ ಸರಿ. ತಪ್ಪು ಸಿಗದೆ ನನಗೆ ಸಂಕಟವಾಗತೊಡಗಿತು. ಅಷ್ಟರಲ್ಲಿ ದೇವರು ಕಣ್ಣು ತೆರೆದ: ಒಂದು ಬೋಲ್ಟಿನ ತೂತಿನ ಪಕ್ಕದಲ್ಲಿ ಸಾಸಿವೆಯಷ್ಟು ಒಂದು ಚುಕ್ಕಿ, ತಗ್ಗು ಬಿದ್ದಿತ್ತು. ಸಿಕ್ಕಿಬಿದ್ದನಲ್ಲ ಎಂದು ಮನಸ್ಸು ಕುಣಿಯಿತು. ಉಜ್ಜುಕಾಗದ ಹಿಡಿದು ಅರ್ಧ ಗಂಟೆ ತಿಕ್ಕಿ ಆ ಚುಕ್ಕಿಯನ್ನು ನಿರ್ನಾಮ ಮಾಡಿದೆ. ಕಾಗದದಲ್ಲಿ ಬರೆದೆ: 'ಆಕಾರ: ಓವಲ್. ದೋಷ: ಒಂದು ಚುಕ್ಕಿ, ತಪಾಸಕರು ಸ್ವತಃ ಉಜ್ಜಿ ತೆಗೆದಿದ್ದಾರೆ. ನಿರ್ಣಯ: ಪಾಸ್.' ಕೆಳಗೆ ಸಹಿ. ಆಮೇಲೆ ನಾಲ್ಕು ಬೋಲ್ಟ್ ಬಿಗಿದು ಚಕ್ರವನ್ನು ಸೈಕಲ್ಲಿಗೆ ಕೂಡಿಸಿದೆ.

ರವಿವಾರ ಬೆಳಿಗ್ಗೆ ಸೇತುವೆಯ ಏರಿನ ಹತ್ತಿರ ಬಂದು ನಿಲ್ಲು ಎಂದು ಸಿದ್ದಪ್ಪನಿಗೆ ನಾನೇ ಹೇಳಿಕಳಿಸಿದ್ದೆ. ಗೆದ್ದ ಮೇಲೆ ಎಲ್ಲರ ಮುಂದೆ ಕಾಗದ ಕೊಡುವ ಸಮಾರಂಭ ಅಲ್ಲೇ ಎಂದು ಯೋಜನೆ. ವಿಶ್ರಾಮಬಾಗ ಬಿಟ್ಟಾಗಲೇ ಸೈಕಲ್ ಕುಂಟುವ ಎತ್ತಿನ ಹಾಗೆ ಜಗ್ಗತೊಡಗಿತು. ಹೊಸದಲ್ಲವೆ, ಹೊಂದಿಕೊಳ್ಳಲಿ ಎಂದು ತುಳಿದೆ. ಪೆಡಲ್ ನಡುವೆ ಇರುವಾಗ ಕಾಲು ಗಾಳಿಯಲ್ಲಿ ಆಡಿದಂತಾಗುತ್ತಿತ್ತು. ನೆತ್ತಿಗೆ ಬಂದಾಗ ಗೋಡೆ ಒದ್ದಂತಾಗುತ್ತಿತ್ತು. ಇದೇ ವಿಜ್ಞಾನ ಇರಬೇಕು ಎಂದುಕೊಂಡೆ.

ಸೇತುವೆಯ ಏರು ಬಂತು. ಹಲ್ಲು ಕಚ್ಚಿ ಅರ್ಧದವರೆಗೆ ಹತ್ತಿದೆ. ಅಲ್ಲಿ ಪೆಡಲ್ ನೆತ್ತಿಗೆ ಬಂದು ನಿಂತುಬಿಟ್ಟಿತು. ನಾನೂ ನಿಂತೆ. ಸೈಕಲ್ ಮೇಲೆ ಕೂತು, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ, ಎರಡೂ ಗಾಲಿ ಸ್ತಬ್ಧ. ನೋಡಿದವರಿಗೆ ಚೌಕದಲ್ಲಿ ನಿಲ್ಲಿಸಿದ ಪುತಳಿ ಅನ್ನಿಸಿರಬೇಕು. ಆಮೇಲೆ ಪುತಳಿ ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ, ಎಡಕ್ಕೆ ವಾಲಿ ಧೊಪ್ಪನೆ ಬಿತ್ತು. ರಸ್ತೆಯ ಬದಿಗೆ ಮೆಂತ್ಯ ಮಾರಲು ಕೂತಿದ್ದ ಅಜ್ಜಿ ತನ್ನ ಬುಟ್ಟಿಯನ್ನು ಸರಿಯಾದ ವೇಳೆಗೆ ಆಚೆ ಎಳೆದುಕೊಂಡು, "ಲಾಗಲಂ ಕಾ, ಬಾಳಾ?" ಎಂದು ಮರಾಠಿಯಲ್ಲಿ, ಪೆಟ್ಟಾಯಿತೇನು ಮಗಾ ಎಂದು ಕೇಳಿದಳು. ಕಾಯಿಪಲ್ಯದ ಚೀಲ ಎಂದಿನಂತೆ ನನ್ನನ್ನು ದಾಟಿತು. ಕಾಕಾ ಇಳಿದು ಬಂದು ನನ್ನನ್ನು ಎತ್ತಿದರು. ಬಿದ್ದದ್ದಕ್ಕಿಂತ ಅದರಿಂದಲೇ ಹೆಚ್ಚು ನೋವಾಯಿತು.

ಸಿದ್ದಪ್ಪ ಬಂದು ಸೈಕಲ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಚಕ್ರದ ಮೇಲೆ ಹೆಬ್ಬೆರಳು ಸವರಿದ. ಮತ್ತೆ ಸವರಿದ. ಏನನ್ನೋ ಹುಡುಕುತ್ತಿದ್ದ.

"ಕಾಗದ ತಂದೀರೇನ್ರಿ?" ಎಂದ.

ಬೆವರಿಗೆ ತೊಯ್ದ ಕಾಗದವನ್ನು ಕಿಸೆಯಿಂದ ತೆಗೆದು ಕೊಟ್ಟೆ. ಒಂದೊಂದೇ ಅಕ್ಷರ ಕೂಡಿಸಿ ಓದಿದ. ಚುಕ್ಕಿಯ ಸಾಲಿಗೆ ಬಂದು ನಿಂತ.

"ಅದು ನಾನ ಹೊಡದ ಗುರ್ತು ರೀ, ಸಾಹೇಬ್ರ. ಪೆಡಲ್ಲಿನ ತೋಳು ಆ ಚುಕ್ಕಿ ಮ್ಯಾಲೆ ಬರಬೇಕಂತ. ಅದನ್ನ ಉಜ್ಜಿದ್ರೇನು?"

ಉತ್ತರ ನನ್ನ ಅಕ್ಷರದಲ್ಲೇ, ನನ್ನ ಸಹಿಯ ಮೇಲೆಯೇ ಇತ್ತಲ್ಲ. ಆ ಚಕ್ರವನ್ನು ಕೂಡಿಸುವ ರೀತಿ ಇದ್ದದ್ದೇ ಎರಡು, ಒಂದು ಸರಿ, ಒಂದು ತಪ್ಪು. ಗುರುತು ಅಳಿಸಿ, ತಪ್ಪನ್ನೇ ಆರಿಸಿಕೊಂಡು, ಬಿಗಿಯಾಗಿ ಬೋಲ್ಟ್ ಹಾಕಿದ್ದೆ. ಸಣ್ಣದಾಗಬೇಕಾದ ಕಡೆ ಚಕ್ರ ದೊಡ್ಡದಾಗಿ ಕೂತಿತ್ತು. ಸಿದ್ದಪ್ಪ ಚೀಲದಿಂದ ಪಾನಾ ತೆಗೆದ, ನಾಲ್ಕು ಬೋಲ್ಟ್ ಬಿಚ್ಚಿದ, ಚಕ್ರವನ್ನು ಕಾಲು ಸುತ್ತು ತಿರುಗಿಸಿ ಬಿಗಿದ. ಹತ್ತು ನಿಮಿಷದ ಕೆಲಸ. ಪೆಡಲ್ ಬೆಣ್ಣೆಯಂತೆ ತಿರುಗಿತು.

ಇನ್ನೂ ಆಸೆ ಉಳಿದಿತ್ತು. ಚಹಾ ಕುಡಿದು ಮರಳುವಾಗ ಅದೇ ಸೇತುವೆ, ಆ ಕಡೆಯ ಏರು. ಚಕ್ರ ಸರಿ, ಹಲ್ಲು ಸರಿ, ಚೈನ್ ಸರಿ, ಗಾಳಿ ಸಹ ಬೆನ್ನಿಗಿತ್ತು. ಅರ್ಧ ಏರಿಗೆ ಕಾಯಿಪಲ್ಯದ ಚೀಲ ನನ್ನನ್ನು ದಾಟಿತು. ಈಗ ಅದರಲ್ಲಿ ಎರಡು ಕಟ್ಟು ಮೆಂತ್ಯವೂ ಇತ್ತು.

"ಸಾವಕಾಶ ಬಾರಪಾ" ಎಂದರು ಕಾಕಾ.

ತನಿಖೆ ಅಲ್ಲಿಗೆ ಮುಗಿಯಿತು. ಇಡೀ ಸೈಕಲ್ಲಿನಲ್ಲಿ ಅಳತೆ ತಪ್ಪಿದ ಭಾಗ ಒಂದೇ ಇತ್ತು. ಅದು ಸೀಟಿನ ಮೇಲೆ ಕೂತು ಏದುಸಿರು ಬಿಡುತ್ತಿತ್ತು.

ಸೋಮವಾರ ಕಾರ್ಖಾನೆಗೆ ಹೋದರೆ, ಸಿದ್ದಪ್ಪನ ಲೇಥ್ ಮೇಲಿನ ಗೋಡೆಗೆ ನನ್ನ ಕಾಗದ ಪ್ಲಾಸ್ಟಿಕ್ ಕವರಿನೊಳಗೆ ವಿರಾಜಮಾನವಾಗಿತ್ತು. 'ಆಕಾರ: ಓವಲ್. ನಿರ್ಣಯ: ಪಾಸ್.' ಅಂದು ನನ್ನ ಮೇಜಿಗೆ ಬಂದ ಬುಶ್ ಒಂದನ್ನು ಅಳೆದು ಕೆಂಪು ಪೆನ್ನು ಎತ್ತಿದೆ. ಎಲ್ಲರೂ ಗೋಡೆ ನೋಡಿದರು. ಮತ್ತೊಮ್ಮೆ ಅಳೆದೆ. ಬುಶ್ ಸರಿಯಾಗಿಯೇ ಇತ್ತು. ನಾನೇ ಗೇಜನ್ನು ಓರೆಯಾಗಿ ಹಿಡಿದಿದ್ದೆ. ಹದಿನೆಂಟು ವರ್ಷದಲ್ಲಿ ಹೀಗೆ ಎಷ್ಟು ಸಲ ಹಿಡಿದಿರಬಹುದು ಎಂದು ಯೋಚಿಸಿ ನಿಜಕ್ಕೂ ನಾಚಿಕೆಯಾಯಿತು. ಎದ್ದು ಸಿದ್ದಪ್ಪನ ಹತ್ತಿರ ಹೋಗಿ, ಚಕ್ರದ ಕೆಲಸ ಭಾಳ ಚಲೋ ಆಗಿತ್ತು ಎಂದೆ. ಈ ಮಾತನ್ನು ನಾನು ಅವನಿಗೆ ಹೇಳಿದ್ದು ಅದೇ ಮೊದಲು.

ಅವನು ಕೈ ಒರೆಸಿಕೊಂಡ.

"ಬರದ ಕೊಡ್ರಿ" ಎಂದ.

ಬರೆದುಕೊಟ್ಟೆ. ಈಗ ಗೋಡೆಯ ಮೇಲೆ ಎರಡು ಕಾಗದಗಳಿವೆ.

ಸಂಜೆ ಮನೆಗೆ ಬಂದು ಊಟಕ್ಕೆ ಕೂತೆ. ಸೇತುವೆಯ ಮೇಲಿನ ವೃತ್ತಾಂತವನ್ನೆಲ್ಲ ಕಾಕಾ ಹಿಂದಿನ ದಿನವೇ ಸುನಂದಾಳಿಗೆ ವರದಿ ಮಾಡಿದ್ದರು. ತಟ್ಟೆಯಲ್ಲಿ ರೊಟ್ಟಿ ಬಿತ್ತು. ಇಪ್ಪತ್ತು ವರ್ಷದಲ್ಲಿ ಅವಳ ಕೈಯಿಂದ ಅಷ್ಟು ಅಚ್ಚುಕಟ್ಟಾದ ಓವಲ್ ಹೊರಬಂದಿರಲಿಲ್ಲ. ನಾನು ಒಂದು ಕಣ್ಣು ಮುಚ್ಚಲು ಹೋಗಿ, ಎರಡನ್ನೂ ತೆರೆದೇ ಇಟ್ಟೆ.

"ಆಯಾಸ ಕಡಿಮಿ ಆಗತೈತಂತ್ರಿ. ಉಣ್ರಿ" ಎಂದಳು ಸುನಂದಾ.

ರೊಟ್ಟಿ ಮುರಿದು ಬಾಯಿಗಿಟ್ಟೆ. ಅವಳು ನೋಡುತ್ತಲೇ ಇದ್ದಳು. ಆಮೇಲೆ ತಟ್ಟೆಗೆ ಕೈ ಹಾಕಿ, ರೊಟ್ಟಿಯನ್ನು ಕಾಲು ಸುತ್ತು ತಿರುಗಿಸಿ ಇಟ್ಟು, ಒಳಗೆ ಹೋದಳು.